ಒಪೆರಾ ಬೋರ್ ಅನ್ನೋ ಹುಡುಗ್ರು, ದುರ್ಯೋಧನ ಆಗೋಕೆ ಮಾತ್ರ ರೆಡಿ

ಹೋದ ತಿಂಗಳು ಈ ಪುಟದಲ್ಲಿ ಒಬ್ಬ ಹುಡುಗಿ "ಒಪೆರಾ ಅಂದ್ರೆ ಏನು ಸಾರ್, ಒಂದೇ ಸಾಲಲ್ಲಿ ಹೇಳಿ" ಅಂತ ಕೇಳಿದ್ಲು. ನಾನು ತಮಾಷೆಗೆ "ಚಾಕು ಹಾಕಿಸ್ಕೊಂಡ ಮೇಲೂ ಹತ್ತು ನಿಮಿಷ ಹಾಡ್ತಾರಲ್ಲ, ಅದು" ಅಂತ ಬರೆದು ಕೈ ತೊಳ್ಕೊಂಡೆ. (ಸರಿಯಾಗಿ ಹೇಳ್ಬೇಕು ಅಂದ್ರೆ, ಮಾತಿನ ಬದಲು ಹೆಚ್ಚುಕಮ್ಮಿ ಪೂರ್ತಿ ಹಾಡಲ್ಲೇ ಕಥೆ ನಡೆಸೋ ಯುರೋಪಿನ ನಾಟಕ.) ಅದಕ್ಕೆ ಬಂದಿರೋ ಪತ್ರ, ವಾಟ್ಸಾಪು ನೋಡಿ ತಲೆ ತಿರುಗ್ತು, ಹಾಸನ ಚಿಕ್ಕಮಗಳೂರು ಕಡೆ ಒಪೆರಾ ಬಗ್ಗೆ ಇಷ್ಟು ಜನಕ್ಕೆ ಅಭಿಪ್ರಾಯ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ, ಅರ್ಧ ಹುಡುಗ್ರು, ಇನ್ನರ್ಧ ಹುಡುಗ್ರನ್ನ ಬೈಯೋರು. ಹಂಗಾಗಿ ಈ ಸಲ ಮಂಡಿನೋವು, ಜಮೀನು ಪೋಡಿ, ಅತ್ತೆ ಸೊಸೆ ಪ್ರಶ್ನೆ ಎಲ್ಲ ಮುಂದಕ್ಕೆ ಹಾಕಿದೀನಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಾನು ಹಾಸನದಲ್ಲಿ ಬಿ.ಕಾಂ ಎರಡನೇ ವರ್ಷ. ರೀಲ್ಸ್ ನೋಡ್ತಾ ಇದ್ದಾಗ ಒಬ್ರು ಒಪೆರಾ ಹಾಡೋದು ಬಂತು, ಮೈಯೆಲ್ಲ ಜುಂ ಅಂತು. ಪಿಜಿಯಲ್ಲಿ ಜೋರಾಗಿ ಹಾಕಿದ್ರೆ ಫ್ರೆಂಡ್ಸು "ಯಾರಿಗೋ ಹೆರಿಗೆ ನೋವು ಬಂದಂಗಿದೆ, ಆಫ್ ಮಾಡೇ" ಅಂತಾರೆ. ಭಾಷೆ ಬರಲ್ಲ, ಕಥೆ ಗೊತ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ? ಅಥವಾ ಇದು ನನ್ನಂಥೋರಿಗೆ ಅಲ್ವೇ ಅಲ್ವಾ?

ಉತ್ತರ: ಪಿಜಿಯಲ್ಲಿ ಇದೀಯ ಅಂದ್ಯಲ್ಲ, ಹಂಗಾದ್ರೆ ನಿನಗೇ ಕಣಮ್ಮ. ಪುಚ್ಚಿನಿ ಅನ್ನೋನು ಮಾಡಿದ ಲಾ ಬೊಹೆಮ್ ಅಂತ ಒಂದು ಒಪೆರಾ ಇದೆ, 1896ರಲ್ಲಿ ಇಟಲಿಯ ಟ್ಯೂರಿನಲ್ಲಿ ಮೊದಲ ಶೋ ಆಗಿದ್ದು. ಅದು ಶುರು ಆಗೋದೇ ಪ್ಯಾರಿಸ್ಸಿನ ಒಂದು ಅಟ್ಟದ ರೂಮಲ್ಲಿ. ನಾಲ್ಕು ಜನ ಹುಡುಗ್ರು, ಕೈಯಲ್ಲಿ ಕಾಸಿಲ್ಲ, ಚಳಿ ಬೇರೆ, ಒಲೆಗೆ ಸೌದೆ ಇಲ್ಲ ಅಂತ ಅವರಲ್ಲಿ ಕವಿ ಆದೋನು ತಾನೇ ಬರೆದ ನಾಟಕದ ಹಾಳೆಗಳನ್ನ ಒಲೆಗೆ ಹಾಕಿ ಚಳಿ ಕಾಯಿಸ್ಕೊತಾನೆ. ಬಾಡಿಗೆ ಕೇಳೋಕೆ ಓನರ್ ಬರ್ತಾನೆ, ಅವನಿಗೆ ಕುಡಿಸಿ ಮಾತಾಡ್ಸಿ ಮರ್ಯಾದೆಯಿಂದ ಹೊರಗೆ ದಬ್ತಾರೆ. ಆಮೇಲೆ ಪಕ್ಕದ ರೂಮಿನ ಹುಡುಗಿ ಮೋಂಬತ್ತಿ ಹಚ್ಕೊಳ್ಳೋಕೆ ಬೆಂಕಿ ಕೇಳ್ಕೊಂಡು ಬರ್ತಾಳೆ, ಬೀಗದ ಕೈ ಕಳ್ಕೊಂಡು ಕತ್ಲಲ್ಲಿ ಇಬ್ಬರೂ ನೆಲ ತಡಕಾಡ್ತಾರೆ, ಅವನ ಕೈಗೆ ಅವಳ ತಣ್ಣನೆ ಕೈ ಸಿಗುತ್ತೆ, ಅಲ್ಲಿಂದ ಹಾಡು. ಬೀಗದ ಕೈ ಅವನಿಗೆ ಮೊದ್ಲೇ ಸಿಕ್ಕಿರುತ್ತೆ, ಜೇಬಿಗೆ ಹಾಕ್ಕೊಂಡು ಹುಡುಕ್ತಾ ಇರೋ ಹಂಗೆ ನಾಟಕ ಮಾಡ್ತಾನೆ ಕಳ್ಳ ನನ್ಮಗ. ಇದರಲ್ಲಿ ನಿಂಗೆ ಅರ್ಥ ಆಗದೆ ಇರೋದು ಏನಿದೆ ಹೇಳು?

ಭಾಷೆ ವಿಷ್ಯ. ಇಟಾಲಿಯನ್ ಬರದೆ ಇರೋ ಕೋಟ್ಯಂತರ ಜನ ಒಪೆರಾ ನೋಡ್ತಾರೆ, 1983ರಲ್ಲಿ ಕೆನಡಾದ ಟೊರೊಂಟೊದಲ್ಲಿ ಸ್ಟೇಜಿನ ಮೇಲ್ಗಡೆ ಒಂದು ಪಟ್ಟಿ ಕಟ್ಟಿ ಹಾಡಿನ ಅರ್ಥ ತೋರ್ಸೋಕೆ ಶುರು ಮಾಡಿದ್ರು, ಈಗ ಹೆಚ್ಚುಕಮ್ಮಿ ಎಲ್ಲಾ ದೊಡ್ಡ ಥಿಯೇಟರಲ್ಲೂ ಅಂಥದ್ದು ಇದೆ. ಕೊರಿಯನ್ ಸೀರಿಯಲ್ನ ಸಬ್‌ಟೈಟಲ್ ಹಾಕ್ಕೊಂಡು ರಾತ್ರಿ ಎರಡು ಗಂಟೆ ತನಕ ನೋಡೋ ನಿಮ್ಮ ಪಿಜಿ ಹುಡುಗೀರು ಭಾಷೆ ಬರಲ್ಲ ಅಂದ್ರೆ ನಾನು ಒಪ್ಪಲ್ಲ.

ಇನ್ನು ಆ ಹೆರಿಗೆ ನೋವಿನ ಮಾತು. ಅದರಲ್ಲಿ ಅರ್ಧ ತಪ್ಪು ನಿನ್ನ ಫೋನಿಂದು. ಒಪೆರಾದಲ್ಲಿ ಮೈಕ್ ಇಲ್ಲ, ಇದು ಗೊತ್ತಾ? ಕೆಳಗೆ ಗುಂಡಿಯಲ್ಲಿ ಅರವತ್ತು ಎಂಬತ್ತು ಜನ ಪಿಟೀಲು ತುತ್ತೂರಿ ಡ್ರಮ್ಮು ಬಾರಿಸ್ತಾ ಇರ್ತಾರೆ, ಅದರ ಮೇಲೆ ಬರೀ ಗಂಟಲಲ್ಲಿ ಎರಡು ಸಾವಿರ ಜನಕ್ಕೆ ಕೇಳ್ಬೇಕು. ಹೆಂಗೆ ಅಂದ್ರೆ ವಾದ್ಯಗಳ ಸದ್ದಿನ ಬಲ ಹೆಚ್ಚಾಗಿ 500 ಹರ್ಟ್ಸ್ (ಅಂದ್ರೆ ಸೆಕೆಂಡಿಗೆ 500 ಸಲ ಅದುರೋ ಸ್ವರ) ಆಜುಬಾಜಲ್ಲಿ ಇರುತ್ತೆ, ಮೇಲೆ ಹೋದಂಗೆ ಕಮ್ಮಿ ಆಗ್ತಾ ಬರುತ್ತೆ, ಈ ಗಾಯಕರು, ಅದರಲ್ಲೂ ಗಂಡಸರು, ಗಂಟಲು ಪಳಗಿಸಿ 3000 ಹರ್ಟ್ಸ್ ಹತ್ರ ಒಂದು ಮೊನೆ ತರಿಸ್ಕೊತಾರೆ, ನಮ್ಮ ಕಿವಿ ತುಂಬ ಚುರುಕಾಗಿರೋದೂ ಆ ಜಾಗದಲ್ಲೇ. ಅಂದ್ರೆ ಅವರು ವಾದ್ಯಕ್ಕಿಂತ ಜೋರಾಗಿ ಕೂಗ್ತಾ ಇಲ್ಲ, ವಾದ್ಯ ಇಲ್ಲದ ಸಂದೀಲಿ ದನಿ ತೂರಿಸ್ತಾರೆ. ಹೆಂಗಸರ ತಾರಕ ಸ್ವರ ಹೆಂಗಿದ್ರೂ ವಾದ್ಯದ ದಟ್ಟಣೆಗಿಂತ ಮೇಲೆ ಹೋಗಿರುತ್ತೆ. ಇದನ್ನೆಲ್ಲ ಫೋನಿನ ಕಡ್ಲೆಕಾಳಿನಷ್ಟು ಸ್ಪೀಕರಲ್ಲಿ ಕೇಳೋದು ಅಂದ್ರೆ ಹಳೇಬೀಡಿನ ಗೋಡೇನ ಆಧಾರ್ ಕಾರ್ಡ್ ಫೋಟೋ ಸೈಜಲ್ಲಿ ನೋಡಿದಂಗೆ. ಒಳ್ಳೆ ಹೆಡ್‌ಫೋನ್ ಹಾಕ್ಕೋ, ಫ್ರೆಂಡ್ಸ್ ಜೊತೆ ಜಗಳಾನೂ ತಪ್ಪುತ್ತೆ. ಬೊಹೆಮ್ ಆದ್ಮೇಲೆ ಕಾರ್ಮೆನ್ ನೋಡು, ಸಿಗರೇಟ್ ಫ್ಯಾಕ್ಟರಿ ಹುಡುಗಿ ಕಥೆ, ಅರ್ಧ ಟ್ಯೂನು ನೀನು ಆಗ್ಲೇ ಯಾವುದೋ ಜಾಹೀರಾತಲ್ಲಿ ಕೇಳಿರ್ತೀಯ. ವಾಗ್ನರ್ ಅನ್ನೋ ಜರ್ಮನ್ ಒಪೆರಾಕಾರನ ಹೆಸರು ಕಂಡ್ರೆ ಮಾತ್ರ ಈಗ್ಲೇ ಹತ್ರ ಹೋಗ್ಬೇಡ, ಅವನದೊಂದು ನಾಲ್ಕು ರಾತ್ರಿ ಸೇರಿ ಹದಿನೈದು ಗಂಟೆ ಆಗುತ್ತೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ಅರಕಲಗೂಡು ತಾಲ್ಲೂಕು. ಈಗಿನ ಮಕ್ಕಳು ಅರ್ಧ ಗಂಟೆ ಸಂಗೀತ ಕಚೇರಿಗೆ ಕೂರೋಲ್ಲ, ಕೂತ್ರೂ ಕೈಯಲ್ಲಿ ಮೊಬೈಲು. ಇವರಿಗೆ ನೀವು ಪಾಶ್ಚಾತ್ಯ ಒಪೆರಾ ಬೇರೆ ಹೇಳಿಕೊಡ್ತೀರಾ? ಶಾಸ್ತ್ರೀಯ ಕಲೆಗೆ ಬೇಕಾದ ಶ್ರದ್ಧೆ, ಮೌನ, ಶಿಸ್ತು ಎಲ್ಲಿ ಹೋಯ್ತು?

ಉತ್ತರ: ಮೇಷ್ಟ್ರೇ, ನಿಮ್ಮ ತಾಲ್ಲೂಕಲ್ಲೇ ಕಾವೇರಿ ದಡದಲ್ಲಿ ರುದ್ರಪಟ್ಟಣ ಇದೆ, ಆರ್.ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರು ಹುಟ್ಟಿದ ಊರು, ತಂಬೂರಿ ಆಕಾರದಲ್ಲಿ ಗುಡಿ ಕಟ್ಟಿದಾರೆ. ಅಂಥ ಕಡೆಯೋರು ನೀವು, ನಿಮ್ಮ ಸಂಕಟ ನಂಗೆ ಅರ್ಥ ಆಗುತ್ತೆ. ಆದ್ರೆ ಮೌನ ಶಿಸ್ತು ಅಂದ್ರಲ್ಲ, ಅದರಲ್ಲಿ ಒಂದು ಸಣ್ಣ ತಕರಾರು.

ಒಪೆರಾ ಹುಟ್ಟಿದ್ದು ದೊಡ್ಡ ಮನೆಯಲ್ಲೇ, ಹೌದು. ಈಗ ಪೂರ್ತಿ ಸಂಗೀತ ಉಳ್ಕೊಂಡಿರೋ ಒಪೆರಾಗಳಲ್ಲಿ ಎಲ್ಲಕ್ಕಿಂತ ಹಳೇದು 1600ರಲ್ಲಿ ಫ್ಲಾರೆನ್ಸಲ್ಲಿ ಮೆಡಿಚಿ ಮನೆತನದ ಮದುವೆಗೆ ಆಡಿದ್ದು, 1607ರಲ್ಲಿ ಇಟಲಿಯದೇ ಮಾಂಟುವಾ ಊರಿನ ಅರಮನೇಲಿ ಮಾಂಟೆವರ್ಡಿ ಅನ್ನೋ ಸಂಗೀತಗಾರ ತನ್ನ ಓರ್ಫಿಯೋ ಒಪೆರಾ ಆಡಿಸ್ದ. ಆದ್ರೆ 1637ರಲ್ಲಿ ವೆನಿಸ್ಸಲ್ಲಿ ದುಡ್ಡು ಕೊಟ್ಟೋರಿಗೆಲ್ಲ ಬಾಗಿಲು ತೆಗೆದ್ರು ನೋಡಿ, ಅಲ್ಲಿಂದ ಅದು ಸಂತೆ ಆಗ್ಹೋಯ್ತು. ಮುಂದಿನ ಇನ್ನೂರು ವರ್ಷ ಇಟಲಿಯ ಒಪೆರಾ ಮನೆಗಳಲ್ಲಿ ಶ್ರೀಮಂತರು ತಮ್ಮ ಬಾಕ್ಸಲ್ಲಿ ಕೂತು ಊಟ ಮಾಡ್ತಿದ್ರು, ಇಸ್ಪೀಟ್ ಆಡ್ತಿದ್ರು, ಹರಟೆ ಹೊಡೀತಿದ್ರು, ಒಳ್ಳೆ ಹಾಡು ಬಂದಾಗ ಮಾತ್ರ ಸ್ಟೇಜ್ ಕಡೆ ತಿರುಗ್ತಿದ್ರು. ದೀಪ ಆರಿಸಿ ಕತ್ತಲಲ್ಲಿ ಬಾಯಿ ಮುಚ್ಕೊಂಡು ಕೂರೋ ಪದ್ಧತಿ ಗಟ್ಟಿ ಆಗಿದ್ದು 1876ರಲ್ಲಿ ವಾಗ್ನರ್ ತನ್ನದೇ ಥಿಯೇಟರ್ ಕಟ್ಟಿಸ್ಕೊಂಡ ಮೇಲೆ. ಅಂದ್ರೆ ಒಪೆರಾದ ವಯಸ್ಸು ನಾನೂರು ಚಿಲ್ಲರೆ ವರ್ಷ, ಈ ಮೌನದ ವಯಸ್ಸು ನೂರೈವತ್ತು.

ನಮ್ಮ ಕಡೆ ರಾತ್ರಿ ನಾಟಕ ನೆನೆಸ್ಕೊಳಿ. ಚಾಪೆ ಹಾಸಿ, ಕಡ್ಲೆಕಾಯಿ ಬಿಡಿಸ್ತಾ, ಮಗೂನ ತೊಡೆ ಮೇಲೆ ಮಲಗಿಸ್ಕೊಂಡು, ಮಧ್ಯೆ ತಾನೂ ಒಂದು ನಿದ್ದೆ ತೆಗೆದು "ಗದಾಯುದ್ಧ ಬಂದಾಗ ಎಬ್ಬಿಸ್ರೋ" ಅಂತ ಹೇಳಿ ಮಲ್ಗೋ ಅಜ್ಜನಿಗೆ ಶ್ರದ್ಧೆ ಇರ್ಲಿಲ್ಲ ಅಂತೀರಾ? ಅವನಿಗೆ ಒಂದೊಂದು ಪದ್ಯವೂ ಬಾಯಿಪಾಠ, ಪಾತ್ರಧಾರಿ ಒಂದು ಪದ ನುಂಗಿದ್ರೂ ಕೂತಲ್ಲಿಂದಲೇ ಎತ್ತಿ ಕೊಡ್ತಿದ್ದ. ಹುಡುಗ್ರು ಮೊಬೈಲ್ ನೋಡ್ತಾರೆ ಅನ್ನೋದು ನಿಜ, ನಾನೇನು ಅವರ ವಕೀಲ ಅಲ್ಲ. ಆದ್ರೆ ಒಂದು ಸಲ ಬೆಂಗಳೂರಲ್ಲಿ ಒಂದು ಕಡೆ ವೆಸ್ಟರ್ನ್ ಸಂಗೀತದ ಕಾರ್ಯಕ್ರಮಕ್ಕೆ ಹೋಗಿದ್ದೆ, ಖುಷಿಯಾಗಿ ಮಧ್ಯದಲ್ಲಿ ಚಪ್ಪಾಳೆ ತಟ್ಟಿಬಿಟ್ಟೆ, ಇಡೀ ಹಾಲಲ್ಲಿ ನಾನೊಬ್ಬನೇ. ಮುಂದಿನ ಸಾಲಿನ ಒಬ್ರು ಕತ್ತು ತಿರುಗಿಸಿ ನನ್ನ ಚಪ್ಪಲಿಯಿಂದ ತಲೆ ತನಕ ನೋಡಿದ್ರು, ಏನೂ ಅನ್ಲಿಲ್ಲ, ಅಂದಿದ್ರೆ ವಾಸಿ ಇತ್ತು. ನಂಗೆ ಆವಾಗ ನಲವತ್ತು ದಾಟಿತ್ತು, ಆದ್ರೂ ಇಂಟರ್ವಲ್ಲಲ್ಲಿ ಎದ್ದು ಬಂದ್ಬಿಟ್ಟೆ. ಇಪ್ಪತ್ತರ ಹುಡುಗ ಅಂಥ ನೋಟ ಒಂದು ಸಲ ತಿಂದ್ರೆ ಇನ್ನೊಂದು ಸಲ ಆ ಕಡೆ ತಲೆ ಹಾಕ್ತಾನಾ? ಹುಡುಗ್ರು ಹಾಡಿಗೆ ಹೆದರಲ್ಲ ಮೇಷ್ಟ್ರೇ, ಪಕ್ಕದಲ್ಲಿ ಕೂತಿರೋ ನಮ್ಮ ಮುಖಕ್ಕೆ ಹೆದರ್ತಾರೆ.

ಪ್ರಶ್ನೆ: ಚಿಕ್ಕಮಗಳೂರಿನವನು, ಮುಂದಿನ ವರ್ಷ ಇಟಲಿಯ ಮಿಲಾನ್‌ಗೆ ಎಂ.ಎಸ್ ಮಾಡೋಕೆ ಹೋಗ್ತಾ ಇದೀನಿ. ಅಲ್ಲಿ ಲಾ ಸ್ಕಾಲಾ ಅಂತ ಫೇಮಸ್ ಒಪೆರಾ ಇದೆಯಂತೆ. ಸ್ಟೂಡೆಂಟ್ ಕೈಲಿ ಆಗುತ್ತಾ? ಸೂಟ್ ಹೊಲಿಸ್ಕೋಬೇಕಾ? ಯಾವಾಗ ಚಪ್ಪಾಳೆ ಹೊಡೀಬೇಕು?

ಉತ್ತರ: ಸೂಟ್ ದುಡ್ಡು ಉಳಿಸ್ಕೋ, ಜರ್ಕಿನ್ ತಗೋ. ಲಾ ಸ್ಕಾಲಾ ಸೀಸನ್ ಶುರು ಆಗೋದು ಡಿಸೆಂಬರ್ 7ಕ್ಕೆ, ಅದು ಮಿಲಾನ್ ಊರನ್ನ ಕಾಯೋ ಸಂತ ಆಂಬ್ರೋಸನ ಹಬ್ಬ. ನಮಗೆ ಹಾಸನಾಂಬೆ ಬಾಗಿಲು ತೆಗೆಯೋ ದಿನ ಇದ್ದಂಗೆ ಅಂದ್ಕೋ, ಮಂತ್ರಿಗಳು, ಸಿನಿಮಾದೋರು, ವಿಐಪಿ ಪಾಸು, ಹೊರಗೆ ಪ್ರತಿಭಟನೆ, ಎಲ್ಲ ಇರುತ್ತೆ. ಆ ದಿನದ ಟಿಕೆಟ್ ಕಡೆ ನೋಡ್ಬೇಡ, ಕಣ್ಣು ಸುಡುತ್ತೆ. ಆದ್ರೆ ಅದಕ್ಕೆ ಎರಡು ಮೂರು ದಿನ ಮುಂಚೆ ಮೂವತ್ತು ವರ್ಷದ ಒಳಗಿನೋರಿಗೆ ಅಂತಾನೇ ಅದೇ ಒಪೆರಾದ ಒಂದು ಪೂರ್ತಿ ಶೋ ಕಮ್ಮಿ ರೇಟಿಗೆ ಮಾಡ್ತಾರೆ, ಟಿಕೆಟ್ ಬಿಟ್ಟ ತಕ್ಷಣ ಖಾಲಿ. "ಯೂತ್ಸು ಒಪೆರಾ ನೋಡಲ್ಲ" ಅನ್ನೋರಿಗೆ ಆ ಕ್ಯೂ ತೋರಿಸ್ಬೇಕು.

ಚಪ್ಪಾಳೆ ವಿಷ್ಯದಲ್ಲಿ ನೀನು ತಲೆ ಕೆಡಿಸ್ಕೋಬೇಡ, ಒಪೆರಾದಲ್ಲಿ ಒಂದು ಹಾಡು ಮುಗಿದ ತಕ್ಷಣ ತಟ್ಟಬಹುದು, ಬ್ರಾವೋ ಅಂತ ಕಿರಿಚಬಹುದು, ಚೆನ್ನಾಗಿಲ್ದೆ ಇದ್ರೆ ಅಲ್ಲಿಯೋರು ಬಾಯಿಬಿಟ್ಟು ಬೂ ಅಂತಾರೆ. ಲಾ ಸ್ಕಾಲಾದ ಮೇಲಿನ ಗ್ಯಾಲರಿ ಜನ ಅದಕ್ಕೇ ಹೆಸರುವಾಸಿ, ಕಮ್ಮಿ ಟಿಕೆಟ್ಟು, ದೊಡ್ಡ ಬಾಯಿ. 2006ರ ಡಿಸೆಂಬರಲ್ಲಿ ಐಡಾ ಒಪೆರಾ ನಡೀತಾ ಇತ್ತು, ರೊಬೆರ್ತೋ ಅಲಾನ್ಯಾ ಅನ್ನೋ ದೊಡ್ಡ ಗಾಯಕ ಮೊದಲ ಹಾಡು ಮುಗಿಸಿದ್ದೇ ಮೇಲಿನಿಂದ ಬೂ ಅಂದ್ರು, ಆಸಾಮಿ ಕೈ ಎತ್ತಿ ಒಂದು ಸಲಾಂ ಹೊಡೆದು ಸ್ಟೇಜ್ ಬಿಟ್ಟು ಹೊರಟೇ ಹೋದ. ಆರ್ಕೆಸ್ಟ್ರಾ ನಿಂತಿಲ್ಲ, ಜೊತೆಗೆ ಹಾಡ್ಬೇಕಾದ ಗಾಯಕಿ ಸ್ಟೇಜಲ್ಲಿ ಇದಾಳೆ, ಹೀರೋ ಇಲ್ಲ. ಬದಲಿ ಗಾಯಕನನ್ನ ಹಾಕ್ಕೊಂಡಿದ್ದ ಬಟ್ಟೆಲೇ ಒಳಗೆ ತಳ್ಳಿದ್ರು, ಸುತ್ತ ಎಲ್ಲರೂ ಈಜಿಪ್ಟ್ ಕಾಲದ ವೇಷ, ಇವನು ಮಾಮೂಲಿ ಪ್ಯಾಂಟು ಶರ್ಟು. ನಮ್ಮಲ್ಲಿ ಅರ್ಜುನನ ಪಾರ್ಟಿನೋನು ಕುಡಿದು ಬಿದ್ದಾಗ ಸೀನರಿ ಎಳೆಯೋ ಹುಡುಗನ್ನ ನಿಲ್ಲಿಸಿಲ್ವಾ, ಹಂಗೇ.

ಇನ್ನೊಂದು ಹೇಳ್ಬೇಕು. ನಮ್ಮ ಕಂಪನಿ ನಾಟಕಗಳ ಒನ್ಸ್ ಮೋರ್ ಇದೆಯಲ್ಲ, ಅದು ಅಲ್ಲೂ ಇತ್ತು, ಆಮೇಲೆ ಶಿಸ್ತು ಅಂತ ಲಾ ಸ್ಕಾಲಾದಲ್ಲಿ ನಿಲ್ಲಿಸಿದ್ರು, 1933ರಿಂದ ಯಾರೂ ಸೋಲೋ ಹಾಡನ್ನ ಎರಡನೇ ಸಲ ಹಾಡಿರ್ಲಿಲ್ಲ. 2007ರಲ್ಲಿ ಹ್ವಾನ್ ದಿಯೆಗೊ ಫ್ಲೋರೆಸ್ ಅನ್ನೋ ಪೆರು ದೇಶದ ಗಾಯಕ ಒಂದು ಹಾಡಲ್ಲಿ ಒಂಬತ್ತು ಸಲ ಮೇಲಿನ ಷಡ್ಜ ಮುಟ್ಟಿದ, ಅಂದ್ರೆ ಅವರ ಲೆಕ್ಕದಲ್ಲಿ ಹೈ ಸಿ, ಜನ ಬಿಡ್ಲೇ ಇಲ್ಲ, ಮತ್ತೆ ಒಂಬತ್ತು ಸಲ ಮುಟ್ಟಿದ. ಎಪ್ಪತ್ತು ವರ್ಷದ ರೂಲ್ಸು ಒಂದೇ ಒಂದು ಒನ್ಸ್ ಮೋರಲ್ಲಿ ಮುರಿದು ಬಿತ್ತು.

ಪ್ರಶ್ನೆ: ಹಾಡಿ ಗ್ಲಾಸ್ ಒಡೆಯೋದು ನಿಜಾನಾ? (ಇಬ್ಬರು ಹೈಸ್ಕೂಲ್ ಹುಡುಗ್ರು, ಬೇಲೂರು)

ಉತ್ತರ: ನಿಜ, ಆದ್ರೆ ಕಷ್ಟ. ತೆಳ್ಳನೆ ಗ್ಲಾಸಿಗೆ ಬೆರಳಿಂದ ತಟ್ಟಿದ್ರೆ ಬರೋ ಸ್ವರ ಇದೆಯಲ್ಲ, ಸರಿಯಾಗಿ ಅದೇ ಸ್ವರಾನ ತುಂಬ ಜೋರಾಗಿ ಹಾಡಿದ್ರೆ ಗ್ಲಾಸು ಅದುರಿ ಅದುರಿ ಒಡೆಯುತ್ತೆ. 2005ರಲ್ಲಿ ಅಮೆರಿಕದ ಟಿವಿ ಶೋ ಒಂದರಲ್ಲಿ ಒಬ್ಬ ಮೈಕ್ ಇಲ್ದೆ ಒಡೆದು ತೋರ್ಸಿದ, ಅವನು ರಾಕ್ ಹಾಡೋನು, ಒಪೆರಾದವನಲ್ಲ. ಮನೇಲಿ ಟ್ರೈ ಮಾಡಿ ಸ್ಟೀಲ್ ಲೋಟ ಇಟ್ಕೊಂಡು.

ಪ್ರಶ್ನೆ: ನಮ್ಮದು ಚನ್ನರಾಯಪಟ್ಟಣ ಕಡೆ ಹಳ್ಳಿ. ಊರಲ್ಲಿ ಪ್ರತಿ ವರ್ಷ ಕುರುಕ್ಷೇತ್ರ ಆಡ್ತೀವಿ, ಹೋದ ಸಲ ನಾನು ಸಾತ್ಯಕಿ. ಬೆಂಗಳೂರಲ್ಲಿ ಕೆಲಸ, ಆಫೀಸಲ್ಲಿ ಕಿರೀಟ ಹಾಕ್ಕೊಂಡಿರೋ ಫೋಟೋ ತೋರಿಸಿದ್ರೆ ನಕ್ಕರು. ಅವರಲ್ಲೇ ಒಬ್ಬ ಫಾರಿನ್ನಲ್ಲಿ ಒಪೆರಾ ನೋಡಿ ಬಂದಿದೀನಿ ಅಂತ ಸ್ಟೇಟಸ್ ಹಾಕ್ತಾನೆ, ಅದಕ್ಕೆ ಎಲ್ಲರೂ ವಾವ್ ಅಂತಾರೆ. ನಮ್ಮದೂ ಒಪೆರಾನೇ ಅಲ್ವಾ ಸಾರ್?

ಉತ್ತರ: ಸಾತ್ಯಕಿಗಳೇ, ಬನ್ನಿ ಕೂತ್ಕೊಳಿ, ನಿಮ್ಮ ಪತ್ರಕ್ಕೇ ಕಾಯ್ತಿದ್ದೆ.

ಮೊದಲು ಪುಸ್ತಕದ ಮಾತು ಹೇಳಿಬಿಡ್ತೀನಿ. ಒಪೆರಾಗೆ ಕನ್ನಡದಲ್ಲಿ ಗೀತನಾಟಕ ಅಂತಾರೆ, ಮೇಲುಕೋಟೆಯ ಪು.ತಿ.ನ. ಅವರು ಗೋಕುಲ ನಿರ್ಗಮನ ಬರೆದ್ರು, ಬರೀ ಪದ ಅಲ್ಲ, ಹೆಂಗೆ ಹಾಡ್ಬೇಕು ಅನ್ನೋದನ್ನೂ ಯೋಚ್ನೆ ಮಾಡಿ ಬರೆದ್ರು, ಹೊಸ ರಾಗಗಳನ್ನೂ ಕಟ್ಟಿದ್ರು. ಬಿ.ವಿ. ಕಾರಂತರು ಅದನ್ನ ರಂಗದ ಮೇಲೆ ತಂದಾಗ ಜನ ಮರುಳಾಗಿಬಿಟ್ರು. ಪು.ತಿ.ನ. ಅವರ ಹಂಸ ದಮಯಂತಿ ಮತ್ತು ಇತರ ರೂಪಕಗಳು ಪುಸ್ತಕಕ್ಕೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಲೆಕ್ಕದಲ್ಲಿ ನೋಡಿದ್ರೆ ನಿಮ್ಮದು ಪೂರ್ತಿ ಒಪೆರಾ ಅಲ್ಲ, ಯಾಕಂದ್ರೆ ನಿಮ್ಮಲ್ಲಿ ಮಾತೂ ಇದೆ, ಹಾಡೂ ಇದೆ. ಹಂಗೆ ನೋಡಿದ್ರೆ ಕಾರ್ಮೆನ್ 1875ರಲ್ಲಿ ಪ್ಯಾರಿಸ್ಸಲ್ಲಿ ಮೊದಲು ಆಡಿದಾಗ ಅದರಲ್ಲೂ ಮಾತಿತ್ತು, ಮೊಜಾರ್ಟನ ಮ್ಯಾಜಿಕ್ ಫ್ಲೂಟಲ್ಲೂ ಇದೆ, ಅವನ್ನ ಒಪೆರಾ ಅಲ್ಲ ಅನ್ನೋರು ಯಾರಿದಾರೆ? ಗುಬ್ಬಿ ಕಂಪನಿ ಕುರುಕ್ಷೇತ್ರಕ್ಕೆ ಆನೆ ಕುದುರೆ ಸ್ಟೇಜ್ ಮೇಲೆ ತಂದ್ರು ಅಂತ ನಮ್ಮ ಅಜ್ಜಂದಿರು ಬಾಯಿ ಬಿಡ್ತಿದ್ರಲ್ಲ, ಅಲ್ಲೂ ಐಡಾಕ್ಕೆ ಜೀವಂತ ಕುದುರೆ ತರ್ತಾರೆ. ಹಂಗಾಗಿ ಅಣ್ಣತಮ್ಮ ಅಲ್ದಿದ್ರೂ ದಾಯಾದಿ ಅಂತೂ ಹೌದು, ನಿಮ್ಮ ಕಥೆಗೆ ದಾಯಾದಿ ಅನ್ನೋ ಪದಾನೇ ಸರಿ ಬಿಡಿ.

ಈಗ ನಾನು ಕಂಡಿದ್ದು ಹೇಳ್ತೀನಿ. ಹೋದ ವರ್ಷ ಹೊಳೆನರಸೀಪುರದ ಹತ್ರ ಒಂದು ಊರಲ್ಲಿ ನೆಂಟರ ಮನೆಗೆ ಹೋಗಿದ್ದೆ, ರಾತ್ರಿ ಊಟ ಆದ್ಮೇಲೆ ಸಮುದಾಯ ಭವನದಲ್ಲಿ ತಾಲೀಮು ಇದೆ ಬನ್ನಿ ಅಂದ್ರು. ಟ್ಯೂಬ್‌ಲೈಟಿಗೆ ಹುಳ ಮುತ್ತಿತ್ತು, ಮೂಲೇಲಿ ರಾಗಿ ಚೀಲ, ಮಧ್ಯೆ ಕಾಲು ಹಾರ್ಮೋನಿಯಂ ಮುಂದೆ ಮೇಷ್ಟ್ರು, ಎಲೆ ಅಡಿಕೆ ಬಾಯಲ್ಲಿ. ದುರ್ಯೋಧನನ ಪಾರ್ಟ್ ಒಬ್ಬ ಜೆಸಿಬಿ ಡ್ರೈವರ್ ಹುಡುಗಂದು, ವಯಸ್ಸು ಇಪ್ಪತ್ತಾರು ಇಪ್ಪತ್ತೇಳು, ಕೆಲಸದಿಂದ ಸೀದಾ ಬಂದಿದ್ದ, ಪ್ಯಾಂಟಿನ ಮೊಣಕಾಲಲ್ಲಿ ಕೆಮ್ಮಣ್ಣು ಒಣಗಿ ಬಿರಿದಿತ್ತು. ಎಡಗೈ ಕಿವಿ ಮೇಲಿಟ್ಟು ಪದ್ಯ ಎತ್ತಿದ. ಮೇಲಕ್ಕೆ ಹೋಗೋವಾಗ ಮೀಸೆ ಮೇಲೂ ಕೈ ಹೋಯ್ತು. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ "ಶ್ರುತಿ ಹಿಡಿಯೋ ಮೊದ್ಲು, ಆಮೇಲೆ ಮೀಸೆ ಹಿಡಿಯುವಂತೆ" ಅಂದ್ರು. ಎಲ್ಲರೂ ಗೊಳ್ ಅಂದ್ರು, ಅವನೂ ನಕ್ಕ, ಮತ್ತೆ ಎತ್ತಿದ. ಹನ್ನೊಂದು ಸಲ ಎತ್ತಿದ, ನಾನು ಲೆಕ್ಕ ಹಾಕ್ದೆ. ಹನ್ನೊಂದನೇ ಸಲಕ್ಕೆ ಸ್ವರ ನಿಂತ್ಕೊಳ್ತು ನೋಡಿ, ಟ್ಯೂಬ್‌ಲೈಟ್ ಪಟ್ಟಿ ಝುಂಯ್ ಅಂತು. ಮೈಕ್ ಇರ್ಲಿಲ್ಲ.

ಇದನ್ನ ಯಾಕೆ ಹೇಳ್ದೆ ಅಂದ್ರೆ, ಆ ಹುಡುಗ ಪಾರ್ಟಿಗೆ ಅಂತ ಕೊಟ್ಟಿದ್ದ ದುಡ್ಡಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಬೈಕ್ ಬರೋದು. ನಮ್ಮಲ್ಲಿ ಪಾತ್ರ ಮಾಡೋರೇ ದುಡ್ಡು ಕೊಡ್ಬೇಕಲ್ಲ, ದೊಡ್ಡ ಪಾರ್ಟಿಗೆ ದೊಡ್ಡ ರೇಟು, ಸೀನರಿ, ಮೇಷ್ಟ್ರು, ಹೆಣ್ಣು ಪಾತ್ರಕ್ಕೆ ಹೊರಗಿಂದ ಕರೆಸೋ ಕಲಾವಿದೆಯರು, ಎಲ್ಲ ಖರ್ಚು ಅದರಲ್ಲೇ ಹೊರಡ್ಬೇಕು, ನಿಮಗೆ ಗೊತ್ತಿರೋದೇ. ಅದೇ ಹುಡುಗನ್ನ ನಾನು ಆಮೇಲೆ ಮಾತಾಡಿಸ್ದೆ, ಬೇರೆ ಊರಿನ ನಾಟಕ ನೋಡೋಕೆ ಹೋಗ್ತೀಯಾ ಅಂದ್ರೆ "ಅಯ್ಯೋ ರಾತ್ರಿ ಎಲ್ಲ ಯಾರ್ ಕೂರ್ತಾರೆ ಸಾ" ಅಂದ. ಇದೇ ನೋಡಿ ನಂಗೆ ತುಂಬ ದಿನದಿಂದ ಕಾಡ್ತಿರೋದು. ಹುಡುಗ್ರಿಗೆ ಇಷ್ಟ ಇಲ್ಲ ಅಂತ ನಾವು ತೀರ್ಮಾನ ಮಾಡೋದು ಪ್ರೇಕ್ಷಕರ ಕುರ್ಚಿ ಎಣಿಸಿ. ನೋಡೋಕೆ ಕೂರು ಅಂದ್ರೆ ಬರಲ್ಲ, ನೀನೇ ಹಾಡು ಅಂದ್ರೆ ಸಾಲ ಮಾಡಿ ಬರ್ತಾರೆ. ಒಪೆರಾ ಕುರ್ಚಿ ಕಡೆಯಿಂದ ಮಾತ್ರ ಸಿಗುತ್ತೆ ನಮಗೆ, ಅದೂ ಫೋನಲ್ಲಿ, ಅದಕ್ಕೇ ಬೋರು.

ನಿಮ್ಮ ಆಫೀಸಿನೋನು ಹಾಕಿದ ಸ್ಟೇಟಸ್ಸು ಬಿಡಿ, ಅವನು ಸೀಟಲ್ಲಿ ಕೂತು ಬಂದಿದಾನೆ. ನೀವು ಕಿರೀಟ ಹಾಕ್ಕೊಂಡು ನಿಂತಿದ್ರಿ. ಮುಂದಿನ ಸಲ ಫೋಟೋ ಬೇಡ, ಪದ್ಯ ಹಾಡಿ ತೋರ್ಸಿ, ಆಫೀಸ್ ಕ್ಯಾಂಟೀನಲ್ಲೇ.

ಪ್ರಶ್ನೆ: ನಾವು ಮೂಡಿಗೆರೆ ಹತ್ರ ಎಸ್ಟೇಟಲ್ಲಿರೋದು. ಮಗಳಿಗೆ 16. ಚರ್ಚ್ ಕ್ವಾಯರಲ್ಲಿ ಹಾಡ್ತಾಳೆ, ಈಗ ಒಪೆರಾ ಕಲೀತೀನಿ ಅಂತ ಹಠ. ಇದರಲ್ಲಿ ಜೀವನ ಇದೆಯಾ? ಗಂಟಲು ಹಾಳಾಗಲ್ವಾ? ಜೊತೆಗೆ ದಿನಕ್ಕೆ ಐದು ಲೋಟ ಕಾಫಿ ಬೇರೆ ಕುಡೀತಾಳೆ.

ಉತ್ತರ: ಎಸ್ಟೇಟಿನೋರ ಮಗಳು ಕಾಫಿ ಕುಡೀತಾಳೆ ಅಂತ ದೂರು ಕೊಡ್ತೀರಲ್ಲ ತಾಯಿ, ಬಾಬಾಬುಡನ್‌ಗಿರಿ ಕಣ್ಣಿಗೆ ಕಾಣೋ ಜಾಗದಲ್ಲಿ ಕೂತ್ಕೊಂಡು!

ನಿಮ್ಮ ಮನೆ ಕಥೇನೇ ಒಬ್ಬ ದೊಡ್ಡ ಮನುಷ್ಯ ಸುಮಾರು ಮುನ್ನೂರು ವರ್ಷದ ಹಿಂದೆ ಹಾಡು ಮಾಡಿದಾನೆ. ಜರ್ಮನಿಯ ಬಾಖ್. ಅವನು ಒಪೆರಾ ಬರೀಲೇ ಇಲ್ಲ, ಆದ್ರೆ 1730ರ ದಶಕದಲ್ಲಿ ಲೈಪ್‌ಜಿಗ್ ಊರಲ್ಲಿ ಕಾಫಿ ಕ್ಯಾಂಟಾಟಾ ಅಂತ ಒಂದು ಅರ್ಧ ಗಂಟೆಯ ತಮಾಷೆ ಮಾಡಿದ, ಹೆಚ್ಚುಕಮ್ಮಿ ಪುಟ್ಟ ಒಪೆರಾನೇ. ಅದರಲ್ಲಿ ಒಬ್ಬ ಅಪ್ಪ, ಒಬ್ಬಳು ಮಗಳು. ಮಗಳು ಕಾಫಿ ಬಿಡಲ್ಲ. ಅಪ್ಪ ಹೊಸ ಬಟ್ಟೆ ಕೊಡ್ಸಲ್ಲ ಅಂತಾನೆ, ಹೊರಗೆ ಬಿಡಲ್ಲ ಅಂತಾನೆ, ಏನೂ ನಡಿಯಲ್ಲ, ಕೊನೆಗೆ ಮದುವೆ ಮಾಡಲ್ಲ ಅಂದಾಗ ಸರಿ ಬಿಟ್ಟೆ ಅಂತಾಳೆ. ಅಪ್ಪ ಗಂಡು ಹುಡುಕೋಕೆ ಹೊರಟ ಮೇಲೆ ಇವಳು ಊರಿಗೆಲ್ಲ ಸುದ್ದಿ ಬಿಡ್ತಾಳೆ, ಕಾಫಿ ಮಾಡ್ಕೊಳ್ಳೋಕೆ ಬಿಡ್ತೀನಿ ಅಂತ ಮದುವೆ ಕರಾರಲ್ಲೇ ಬರ್ಕೊಡೋ ಗಂಡು ಆದ್ರೆ ಮಾತ್ರ ಒಪ್ಕೊಳ್ಳೋದು ಅಂತ. ಅಮ್ಮ ಮಗಳು ಸೇರ್ಕೊಂಡು ಕೇಳಿ, ಲೋಟ ಕೈಲಿ ಹಿಡ್ಕೊಂಡೇ.

ಜೀವನದ ಪ್ರಶ್ನೆಗೆ ಸುಳ್ಳು ಭರವಸೆ ಕೊಡಲ್ಲ. ನಮ್ಮ ದೇಶದಲ್ಲಿ ಬರೀ ಒಪೆರಾ ಹಾಡಿ ಹೊಟ್ಟೆ ಹೊರೆಯೋದು ಕಷ್ಟ. ಮುಂಬೈಯಲ್ಲಿ ಒಂದು ಒಪೆರಾ ಹೌಸ್ ಇದೆ, 1911ರಲ್ಲಿ ಬ್ರಿಟಿಷ್ ರಾಜ ಬಂದು ಉದ್ಘಾಟನೆ ಮಾಡಿದ್ದು, ಮುಂದೆ ಸಿನಿಮಾ ಟಾಕೀಸ್ ಆಯ್ತು, 1993ರಲ್ಲಿ ಬಾಗಿಲು ಮುಚ್ಚಿ 2016ರಲ್ಲಿ ರಿಪೇರಿ ಆಗಿ ತೆರೆದ್ರು. ಆ ಊರಲ್ಲೇ ಹುಟ್ಟಿದ ಪ್ಯಾಟ್ರಿಷಿಯಾ ರೊಝಾರಿಯೋ ಲಂಡನ್ನಿಗೆ ಹೋಗಿ ದೊಡ್ಡ ಸೊಪ್ರಾನೋ, ಅಂದ್ರೆ ತಾರಕ ದನಿಯ ಗಾಯಕಿ, ಆದ್ರು, ಆಮೇಲೆ ಇಲ್ಲಿಯ ಮಕ್ಕಳಿಗೆ ಕಲಿಸೋಕೂ ಬಂದಿದಾರೆ. ಗಂಟಲು ಹಾಳಾಗೋದು ಅವಸರ ಮಾಡಿದ್ರೆ. ಈ ಕಲೆಗೆ ದನಿ ಮಾಗೋದೇ ಇಪ್ಪತ್ತೈದು ಮೂವತ್ತರ ಮೇಲೆ, ಹದಿನಾರಕ್ಕೆ ದೊಡ್ಡ ದೊಡ್ಡ ಹಾಡು ಕಿರುಚಿಸೋ ಟೀಚರ್ ಸಿಕ್ರೆ ಫೀಸ್ ಕಟ್ಬೇಡಿ, ವಾಪಸ್ ಬನ್ನಿ. ಈಗ ಕ್ವಾಯರ್ ಬಿಡಿಸ್ಬೇಡಿ, ಪಿಯಾನೋ ಇಲ್ಲ ಕೀಬೋರ್ಡ್ ಸ್ವಲ್ಪ, ಇಟಾಲಿಯನ್ ಉಚ್ಚಾರ ಸ್ವಲ್ಪ, ಲಂಡನ್ನಿನ ಟ್ರಿನಿಟಿ ಕಾಲೇಜಿನೋರ ಥರದ ಸಂಗೀತದ ಗ್ರೇಡ್ ಪರೀಕ್ಷೆ ಇಂಡಿಯಾದಲ್ಲೇ ಕಟ್ಟಬಹುದು. ಪಕ್ಕದಲ್ಲಿ ಡಿಗ್ರಿ ಒಂದು ಇರ್ಲಿ, ಅದನ್ನ ನಾನು ತಾಯಿಯ ಪರವಾಗಿ ಹೇಳ್ತಾ ಇದೀನಿ.

ಪ್ರಶ್ನೆ: ಇಷ್ಟೆಲ್ಲ ಬರೀತೀರಲ್ಲ, ನಿಮಗೆ ನಿಜವಾಗ್ಲೂ ಒಪೆರಾ ಇಷ್ಟಾನಾ, ಇಲ್ಲ ಶೋಕಿನಾ? ಎದೆ ಮುಟ್ಕೊಂಡು ಹೇಳಿ. (ಸಕಲೇಶಪುರ)

ಉತ್ತರ: ಮುಟ್ಕೊಂಡೆ. ಶುರುವಲ್ಲಿ ಶೋಕಿನೇ. 2020ರ ಲಾಕ್‌ಡೌನಲ್ಲಿ ಅಕ್ಕನ ತೋಟದ ಮನೇಲಿ ಸಿಕ್ಕಾಕ್ಕೊಂಡಿದ್ದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದೋರು ಥಿಯೇಟರ್ ಮುಚ್ಚಿದ್ದಕ್ಕೆ ದಿನಕ್ಕೊಂದು ಹಳೇ ರೆಕಾರ್ಡಿಂಗ್ ಫ್ರೀಯಾಗಿ ಬಿಡ್ತಾ ಇದ್ರು, ಅವರ ಸಂಜೆ ಏಳೂವರೆ ನಮಗೆ ಬೆಳಗಿನ ಜಾವ 5 ಗಂಟೆ. ನೆಟ್‌ವರ್ಕ್ ಸಿಗೋದು ನೀರಿನ ಟ್ಯಾಂಕ್ ಪಕ್ಕದಲ್ಲಿ ಮಾತ್ರ, ಅದೂ ಜಾವದಲ್ಲಿ ಚೆನ್ನಾಗಿ. ಕಂಬಳಿ ಹೊದ್ದು ಅಲ್ಲಿ ಕೂರ್ತಿದ್ದೆ. ವಾಗ್ನರ್ ದಿನ ನಿದ್ದೆ ಹೊಡೆದೆ, ಸುಳ್ಳು ಹೇಳಲ್ಲ, ಫೋನ್ ಜಾರಿ ಕಾಫಿ ಗಿಡದ ಬುಡಕ್ಕೆ ಬಿತ್ತು. ಆದ್ರೆ ಬೊಹೆಮ್ ಕೊನೇಲಿ ಒಂದು ಜಾಗ ಬರುತ್ತೆ, ಆ ಹುಡುಗಿ ಕ್ಷಯ ಬಂದು ಸಾಯ್ತಾ ಇರ್ತಾಳೆ, ಆಗ ಗೆಳೆಯರಲ್ಲಿ ಒಬ್ಬ ಔಷಧಿಗೆ ದುಡ್ಡು ಅಂತ ತನ್ನ ಹಳೇ ಕೋಟು ಮಾರೋಕೆ ಹೊರಡ್ತಾನೆ, ಹೊರಡೋ ಮುಂಚೆ ಆ ಕೋಟಿಗೆ ಒಂದು ಹಾಡು ಹೇಳ್ತಾನೆ. ಕೋಟಿಗೆ ಕಣ್ರೀ! ಒಂದೆರಡು ನಿಮಿಷದ ಹಾಡು. ಅಷ್ಟೊತ್ತಿಗೆ ಅಕ್ಕನ ಮಗ, ಆಗ ಪಿಯುಸಿ, ಹಿಂದೆ ಬಂದು ನಿಂತಿದ್ದ, ಬಯ್ಕೊಂಡೇ ಬಂದಿದ್ದ, "ಇದೇನ್ ಮಾವ ಬೆಳಗಾಗೆದ್ದು ಗೋಳು" ಅಂತ. ಹಾಡು ಮುಗಿಯೋ ತನಕ ಅಲುಗಾಡ್ಲಿಲ್ಲ. ಆಮೇಲೆ ಏನೂ ಮಾತಾಡ್ದೆ ನಲ್ಲಿ ತಿರುಗಿಸಿ ಮುಖ ತೊಳ್ಕೊಂಡು ಒಳಗೆ ಹೋದ.

ಈಗ ಅವನು ಊರ ನಾಟಕದಲ್ಲಿ ಕರ್ಣ. ಮೊನ್ನೆ ಫೋನ್ ಮಾಡಿದ್ದ, ಬಾಣ ತಗುಲಿದ ಮೇಲೆ ಜಾಸ್ತಿ ಹೊತ್ತು ಹಾಡ್ತಾನೆ ಅಂತ ತಾಲೀಮಲ್ಲಿ ಮೇಷ್ಟ್ರು ಬೈದ್ರಂತೆ.